ನೋವಿಲ್ಲದ ಕಲ್ಲು

ಪಿತ್ತವೆಂಬ ಮಾತು ನಮ್ಮ ನಾಡಿನಲ್ಲಿ ಬಹು ಹಳೆಯದು. ಬೆಳಿಗ್ಗೆ ಎದ್ದಾಗ ಬಾಯಿ ಕಹಿಯಾಗಿದ್ದರೆ ‘ಪಿತ್ತ ಹೆಚ್ಚಾಗಿದೆ’ ಎನ್ನುತ್ತೇವೆ. ಯಾರಾದರೂ ಸಿಟ್ಟಿಗೆದ್ದರೆ ‘ಪಿತ್ತ ನೆತ್ತಿಗೇರಿತು’ ಎನ್ನುತ್ತೇವೆ. ಮಾತಿನಲ್ಲಿ ಇಷ್ಟು ಬಳಕೆಯಾದ ಈ ವಸ್ತು ದೇಹದಲ್ಲಿ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹರಿಯುತ್ತದೆ, ಆ ದಾರಿ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ವಿಚಾರಿಸಲು ಹೋಗುವುದಿಲ್ಲ. ಹಾಗೆ ವಿಚಾರಿಸಲೇಬೇಕಾದ ಪ್ರಸಂಗವೊಂದು ನನಗೆ ಈಚೆಗೆ ಒದಗಿತು.

ಬನಶಂಕರಿ ಎರಡನೆಯ ಹಂತದಲ್ಲಿ ನಮ್ಮ ಬೀದಿಯವರೇ ಆದ ಗೃಹಸ್ಥರೊಬ್ಬರಿಗೆ ಎರಡು ವರ್ಷಗಳ ಕೆಳಗೆ ಯಕೃತ್ತಿನ ಕಸಿ ನಡೆಯಿತು. ಅವರ ಒಡಹುಟ್ಟಿದ ತಮ್ಮನೇ ತನ್ನ ಯಕೃತ್ತಿನ ಒಂದು ಭಾಗವನ್ನು ಕೊಟ್ಟಿದ್ದ. ಅಣ್ಣ ಚೇತರಿಸಿಕೊಂಡು, ಬೆಳಗಿನ ಹೊತ್ತು ಉದ್ಯಾನದಲ್ಲಿ ನಾಲ್ಕು ಸುತ್ತು ನಡೆಯುವಷ್ಟು ಗಟ್ಟಿಯಾಗಿದ್ದರು. ಹೀಗಿರುವಲ್ಲಿ, ಕ್ರಮದಂತೆ ಮಾಡಿಸುವ ರಕ್ತಪರೀಕ್ಷೆಯ ವರದಿ ಬಂದ ದಿನವೇ ‘ತಡಮಾಡದೆ ಬನ್ನಿ’ ಎಂದು ಆಸ್ಪತ್ರೆಯಿಂದ ಕರೆ ಬಂತು. ಮುಂದಿನ ಪರೀಕ್ಷೆಗಳಾದ ಮೇಲೆ ತಿಳಿದ ಸಂಗತಿ ಇಷ್ಟು: ಪಿತ್ತನಾಳದಲ್ಲಿ ಕಲ್ಲು.

ಅಂದು ಸಂಜೆ ನಾನು ಅವರ ಮನೆಗೆ ಹೋದಾಗ ಮೂವರೂ ಮಂಕಾಗಿ ಕುಳಿತಿದ್ದರು. “ನನಗೆ ಒಂದಿಷ್ಟೂ ನೋವಿಲ್ಲ ಮೇಷ್ಟ್ರೇ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಹಬ್ಬ ಕಳೆದ ಮೇಲೆ ನೋಡಿದರಾಗದೆ?” ಎಂದರು ಯಜಮಾನರು. ಅವರ ಮನೆಯಾಕೆ, “ಮತ್ತೆ ಹೊಟ್ಟೆ ಕೊಯ್ಯಬೇಕೇನೋ. ಇನ್ನೊಂದು ಸಲ ಅದನ್ನೆಲ್ಲ ನೋಡುವ ಶಕ್ತಿ ನನಗಿಲ್ಲ ಮೇಷ್ಟ್ರೇ” ಎಂದು ಕಣ್ಣೊರೆಸಿಕೊಂಡರು. ತಮ್ಮನು ಬಹಳ ಹೊತ್ತು ಸುಮ್ಮನಿದ್ದು, ನನ್ನನ್ನು ಬಾಗಿಲವರೆಗೆ ಬಿಡಲು ಬಂದಾಗ ಮೆಲ್ಲಗೆ ಕೇಳಿದ: “ನಾನು ಕೊಟ್ಟದ್ದರಲ್ಲೇ ಕಲ್ಲು ಇತ್ತೇನೋ ಸಾರ್?”

ಈ ಮೂರು ಮಾತುಗಳೂ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟವು. ನಾನು ವೈದ್ಯನಲ್ಲ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು. ಆದರೆ ನನ್ನ ಹಳೆಯ ಶಿಷ್ಯನೊಬ್ಬ ಈಗ ಜಠರ ಮತ್ತು ಯಕೃತ್ತಿನ ರೋಗಗಳನ್ನು ನೋಡುವ ವೈದ್ಯನಾಗಿದ್ದಾನೆ. ಅವನ ಬಳಿ ಹೋಗಿ ಕುಳಿತು, ತಿಳಿಯದ್ದನ್ನು ಕೇಳಿ, ಅವನು ತೋರಿಸಿದ ಚಿತ್ರಗಳನ್ನು ನೋಡಿ, ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ವಾಸಿಸುವ ನಮಗೆ ಬನ್ನೇರುಘಟ್ಟ ರಸ್ತೆಯ ದೊಡ್ಡ ಆಸ್ಪತ್ರೆಗಳು ದಿನವೂ ಕಣ್ಣಿಗೆ ಬೀಳುತ್ತವೆ. ಅವುಗಳ ಒಳಗೆ ನಡೆಯುವ ಕೆಲಸದ ಬಗ್ಗೆ ಸ್ವಲ್ಪವಾದರೂ ತಿಳಿದಿದ್ದರೆ, ಅಲ್ಲಿಗೆ ಹೋಗಬೇಕಾದ ದಿನ ಅರ್ಧ ಭಯ ಕಡಮೆಯಾದೀತು.

ಮೊದಲು ಯಕೃತ್ತನ್ನೇ ನೋಡೋಣ. ಕನ್ನಡದಲ್ಲಿ ಇದಕ್ಕೆ ‘ಈಲಿ’ ಎಂಬ ಮಾತುಂಟು. ಪಠ್ಯಪುಸ್ತಕಗಳು ‘ಪಿತ್ತಜನಕಾಂಗ’ ಎನ್ನುತ್ತವೆ. ಜನ ಈಗ ಲಿವರ್ ಎಂದೇ ಕರೆಯುತ್ತಾರೆ. ಬಲಗಡೆ ಪಕ್ಕೆಲುಬುಗಳ ಕೆಳಗೆ ಅಡಗಿರುವ ಇದು ದೇಹದ ಒಳಗಿನ ಅಂಗಗಳಲ್ಲೆಲ್ಲ ದೊಡ್ಡದು. ಬೆಳೆದವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಇದು ಮಾಡುವ ಅನೇಕ ಕೆಲಸಗಳಲ್ಲಿ ಪಿತ್ತರಸವನ್ನು ತಯಾರಿಸುವುದೂ ಒಂದು. ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ, ಹಳದಿ ಹಸಿರು ಬಣ್ಣದ ಈ ಕಹಿ ರಸ ಅಲ್ಲಿ ಹುಟ್ಟುತ್ತದೆ. ಊಟದಲ್ಲಿನ ತುಪ್ಪ, ಎಣ್ಣೆ ಮೊದಲಾದ ಜಿಡ್ಡು ಜೀರ್ಣವಾಗುವುದಕ್ಕೆ ಇದು ಬೇಕು. ಹಳತಾದ ರಕ್ತಕಣಗಳಿಂದ ಬರುವ ಹಳದಿ ಬಣ್ಣದ ಕಸವೂ ಈ ರಸದೊಡನೆಯೇ ಹೊರಗೆ ಹೋಗುತ್ತದೆ.

ಯಕೃತ್ತಿನ ತುಂಬ ಹರಡಿರುವ ಸಣ್ಣ ಸಣ್ಣ ನಾಳಗಳು, ಹಳ್ಳಗಳು ಕೂಡಿ ಹೊಳೆಯಾಗುವಂತೆ, ಒಂದರೊಡನೊಂದು ಸೇರಿ ಕಡೆಗೆ ಒಂದೇ ನಾಳವಾಗುತ್ತವೆ. ಇದೇ ಮುಖ್ಯ ಪಿತ್ತನಾಳ. ಇದರ ದಪ್ಪ ಮಕ್ಕಳು ಬರೆಯುವ ಪೆನ್ಸಿಲಿಗಿಂತ ಹೆಚ್ಚಿಲ್ಲ. ಜಠರವನ್ನು ದಾಟಿದೊಡನೆ ಸಿಗುವ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಈ ನಾಳ ಒಂದು ಪುಟ್ಟ ಮೊಲೆತೊಟ್ಟಿನಂಥ ಬಾಯಿಯ ಮೂಲಕ ತೆರೆದುಕೊಳ್ಳುತ್ತದೆ. ಆ ಬಾಯಿಗೆ ಬಿಗಿಯುವ ಸಡಿಲುವ ಒಂದು ಉಂಗುರದಂಥ ಸ್ನಾಯು ಉಂಟು. ನಾಳದ ಪಕ್ಕದಲ್ಲಿ ತೂಗುಹಾಕಿದ ಚೀಲವೇ ಪಿತ್ತಕೋಶ. ನಮ್ಮ ಮನೆಗಳಲ್ಲಿ ಕಾವೇರಿ ನೀರು ಬಂದಾಗ ಸಂಪಿನಲ್ಲಿ ತುಂಬಿಟ್ಟುಕೊಂಡು ಬೇಕಾದಾಗ ಬಳಸುತ್ತೇವಷ್ಟೆ? ಪಿತ್ತಕೋಶ ಮಾಡುವ ಕೆಲಸ ಅದೇ. ಸಾಮಾನ್ಯ ಜನರಲ್ಲಿ ಪಿತ್ತದ ಕಲ್ಲುಗಳು ಹುಟ್ಟುವುದು ಹೆಚ್ಚಾಗಿ ಈ ಚೀಲದಲ್ಲಿಯೇ.

ಇನ್ನು ಕಸಿಯ ವಿಚಾರ. ಈ ಮಾತನ್ನು ನಾವು ತೋಟದಿಂದ ತಂದಿದ್ದೇವೆ. ಲಾಲ್‌ಬಾಗಿನಿಂದ ಕಸಿ ಮಾವಿನ ಗಿಡ ತಂದು ನೆಟ್ಟವರು ಅದರ ಕಾಂಡದ ಮೇಲೆ ಒಂದು ಗಂಟನ್ನು ನೋಡಿರುತ್ತೀರಿ. ಒಂದು ಗಿಡದ ಬೇರು, ಇನ್ನೊಂದರ ಕೊಂಬೆ ಕೂಡಿದ ಜಾಗ ಅದು. ಗಿಡ ಎಷ್ಟೇ ಚೆನ್ನಾಗಿ ಬೆಳೆದರೂ ಆ ಗಂಟು ಮಾತ್ರ ಉಳಿಯುತ್ತದೆ. ಮನುಷ್ಯನ ಯಕೃತ್ತಿನ ಕಸಿಯಲ್ಲಿಯೂ ಹಾಗೆಯೇ ಎಂದು ತಿಳಿಯಿರಿ.

ಈ ಕಸಿಯನ್ನು ಮನುಷ್ಯರಲ್ಲಿ ಮೊದಲು ಮಾಡಿದವರು ಅಮೆರಿಕದ ಡೆನ್ವರ್ ನಗರದ ಥಾಮಸ್ ಸ್ಟಾರ್ಜ಼್ಲ್ ಎಂಬ ಶಸ್ತ್ರವೈದ್ಯರು. 1963ರಲ್ಲಿ ಅವರು ಮಾಡಿದ ಮೊದಲ ಯತ್ನ ಫಲಿಸಲಿಲ್ಲ; ರೋಗಿ ಉಳಿಯಲಿಲ್ಲ. 1967ರಲ್ಲಿ ಅವರ ಪ್ರಯತ್ನ ಕೈಗೂಡಿತು. ನಮ್ಮ ದೇಶದಲ್ಲಿ 1994ರಲ್ಲಿ ಅಂಗಗಳ ಕಸಿಗೆ ಸಂಬಂಧಿಸಿದ ಕಾನೂನು ಬಂತು. 1998ರಲ್ಲಿ ದೆಹಲಿಯಲ್ಲಿ, ಕಾಂಚೀಪುರದಿಂದ ಬಂದ ಎರಡು ವರ್ಷವೂ ತುಂಬದ ಮಗುವಿಗೆ ಅದರ ತಂದೆಯ ಯಕೃತ್ತಿನ ಒಂದು ಭಾಗವನ್ನು ಕಸಿ ಮಾಡಿ ವೈದ್ಯರು ಗೆದ್ದರು. ಆ ಮಗು ಬೆಳೆದು ತಾನೇ ವೈದ್ಯನಾದನೆಂಬುದು ಕೇಳಲು ಹಿತವಾದ ಸಂಗತಿ. ಯಕೃತ್ತಿನ ಒಂದು ಭಾಗವನ್ನು ಕೊಟ್ಟರೂ ಕೊಟ್ಟವರಲ್ಲಿಯೂ ಪಡೆದವರಲ್ಲಿಯೂ ಅದು ಕೆಲವು ತಿಂಗಳುಗಳಲ್ಲಿ ಬೆಳೆದು ತಕ್ಕ ಗಾತ್ರಕ್ಕೆ ಬರುತ್ತದೆ. ಆದಕಾರಣವೇ ತಂದೆ ಮಗುವಿಗೆ, ತಮ್ಮ ಅಣ್ಣನಿಗೆ ಕೊಡುವುದು ಸಾಧ್ಯವಾಗಿದೆ. ತೀರಿಕೊಂಡವರ ಅಂಗವನ್ನು ಬಂಧುಗಳ ಒಪ್ಪಿಗೆಯಿಂದ ಪಡೆದು ಹಂಚುವ ಏರ್ಪಾಡನ್ನು ನಮ್ಮ ರಾಜ್ಯದಲ್ಲಿ ನೋಡಿಕೊಳ್ಳುವ ಸಂಸ್ಥೆಗೆ ‘ಜೀವಸಾರ್ಥಕತೆ’ ಎಂದು ಹೆಸರು. ಹೆಸರಿಟ್ಟವರು ಮಾತಿನ ತೂಕ ಬಲ್ಲವರೇ ಸರಿ.

ಕಸಿ ಮಾಡುವಾಗ ಶಸ್ತ್ರವೈದ್ಯರು ರಕ್ತನಾಳಗಳನ್ನು ಒಂದೊಂದಾಗಿ ಹೊಲಿಯುತ್ತಾರೆ. ಕೊನೆಗೆ ಹೊಸ ಯಕೃತ್ತಿನ ಪಿತ್ತನಾಳವನ್ನು ರೋಗಿಯ ಸ್ವಂತ ಪಿತ್ತನಾಳದ ತುದಿಗೆ ಕೂಡಿಸುತ್ತಾರೆ. ಹಾಗೆ ಕೂಡಿಸಲು ಆಗದಿದ್ದಲ್ಲಿ ಸಣ್ಣ ಕರುಳಿನ ಒಂದು ಸುತ್ತನ್ನು ಮೇಲಕ್ಕೆ ಎಳೆದು ನಾಳವನ್ನು ನೇರವಾಗಿ ಅದಕ್ಕೇ ಹೊಲಿಯುತ್ತಾರೆ. ಪಿತ್ತಕೋಶವನ್ನು ಮಾತ್ರ ತೆಗೆದುಬಿಡುತ್ತಾರೆ. ಸಂಪಿಲ್ಲದ ಮನೆಗೆ ನೀರು ಬೀದಿಯ ಕೊಳವೆಯಿಂದ ನೇರವಾಗಿ ಬರುವಂತೆ, ಆಮೇಲೆ ಪಿತ್ತವು ಯಕೃತ್ತಿನಿಂದ ಕರುಳಿಗೆ ನೇರವಾಗಿ ಇಳಿಯುತ್ತದೆ.

ಹಾಗಾದರೆ ಪಿತ್ತಕೋಶವೇ ಇಲ್ಲದವರಿಗೆ ಪಿತ್ತದ ಕಲ್ಲು ಎಲ್ಲಿಂದ ಬಂತು? ತಮ್ಮನ ಪ್ರಶ್ನೆಗೂ ಇದೇ ಉತ್ತರ, ಆದ್ದರಿಂದ ನಿಧಾನವಾಗಿ ನೋಡೋಣ.

ಜೆ.ಪಿ. ನಗರದಲ್ಲೋ ಬಿ.ಟಿ.ಎಂ. ಬಡಾವಣೆಯಲ್ಲೋ ಕೊಳವೆಬಾವಿಯ ನೀರನ್ನು ಬಳಸುವವರಿಗೆ ನೀರು ಕಾಯಿಸುವ ಬಾಯ್ಲರಿನ ಒಳಗೆ ಬಿಳಿಯ ಗಸಿ ಕಟ್ಟುವ ತೊಂದರೆ ಗೊತ್ತೇ ಇದೆ. ನೀರು ಸರಾಗವಾಗಿ ಹರಿಯುವ ಕಡೆ ಅದು ಅಷ್ಟಾಗಿ ನಿಲ್ಲುವುದಿಲ್ಲ. ಎಲ್ಲಿ ಕೊಳವೆ ಕಿರಿದಾಗಿದೆಯೋ, ಎಲ್ಲಿ ಜೋಡಣೆಯ ಅಂಚು ಒಳಕ್ಕೆ ಚಾಚಿದೆಯೋ ಅಲ್ಲಿ ಹಿಡಿದುಕೊಳ್ಳುತ್ತದೆ. ಪಿತ್ತರಸದಲ್ಲಿಯೂ ಕೊಬ್ಬಿನ ಅಂಶ, ಬಣ್ಣದ ಅಂಶ, ಸುಣ್ಣದ ಅಂಶ ಇವೆಲ್ಲ ಕರಗಿ ಹರಿಯುತ್ತಿರುತ್ತವೆ. ಹರಿವು ನಿಧಾನವಾದರೆ ಅವು ತಳಕ್ಕಿಳಿಯುತ್ತವೆ: ಮೊದಲು ರಾಡಿ, ಆಮೇಲೆ ಗಸಿ, ಕಡೆಗೆ ಕಲ್ಲು.

ಹರಿವು ನಿಧಾನವಾಗುವುದಕ್ಕೆ ಮುಖ್ಯ ಕಾರಣ ಆ ಕಸಿಯ ಗಂಟು. ಹೊಲಿಗೆ ಹಾಕಿದ ಜಾಗ ಮಾಯುವಾಗ ಗಾಯದ ಕಲೆ ಬಿಗಿದುಕೊಂಡು ನಾಳ ಅಲ್ಲಿ ಕಿರಿದಾಗಬಹುದು. ಎರಡನೆಯ ಕಾರಣ ರಕ್ತದ ಪೂರೈಕೆ. ಯಕೃತ್ತಿಗೆ ರಕ್ತ ಎರಡು ದಾರಿಗಳಲ್ಲಿ ಬರುತ್ತದೆ, ಕರುಳಿನ ಕಡೆಯಿಂದ ಒಂದು, ಹೃದಯದ ಕಡೆಯಿಂದ ಬರುವ ಧಮನಿಯಲ್ಲಿ ಇನ್ನೊಂದು. ಹೊಸ ಯಕೃತ್ತಿನ ಪಿತ್ತನಾಳಗಳಿಗಾದರೋ ಆಸರೆ ಆ ಧಮನಿಯೊಂದೇ. ಅದರಲ್ಲಿ ಹರಿವು ಕುಂದಿದರೆ ಮೊದಲು ಬಾಡುವುದು ಪಿತ್ತನಾಳದ ಒಳಪದರ. ತೀರಿಕೊಂಡವರಿಂದ ಪಡೆದ ಅಂಗವು ಮಂಜುಗಡ್ಡೆಯ ನಡುವೆ ಕೆಲವು ಗಂಟೆಗಳ ಕಾಲ ರಕ್ತವಿಲ್ಲದೆ ಇರಬೇಕಾಗುತ್ತದೆ. ಆ ಹೊತ್ತು ಹೆಚ್ಚಾದರೂ ಇದೇ ಪದರಕ್ಕೆ ಪೆಟ್ಟು. ಅಂಗವನ್ನು ಹೊತ್ತ ಗಾಡಿಗೆ ಬೆಂಗಳೂರಿನ ಪೊಲೀಸರು ರಸ್ತೆಗಳನ್ನೆಲ್ಲ ತೆರವು ಮಾಡಿಕೊಡುವುದು ಏಕೆಂದು ಇದರಿಂದ ತಿಳಿಯುತ್ತದೆ. ಉದುರಿದ ಪದರದ ಚೂರುಗಳ ಸುತ್ತ ಪಿತ್ತದ ಗಸಿ ಕಟ್ಟುತ್ತದೆ. ಇವುಗಳ ಜೊತೆಗೆ ಕರುಳಿನಿಂದ ಸೂಕ್ಷ್ಮಜೀವಿಗಳು ನಾಳಕ್ಕೆ ಏರಿದರೆ, ಅವು ಪಿತ್ತದ ಬಣ್ಣದ ಅಂಶವನ್ನು ಒಡೆದು ಕಂದು ಬಣ್ಣದ ಮೆತ್ತನೆಯ ಕಲ್ಲುಗಳನ್ನು ಮಾಡುತ್ತವೆ.

ಹೀಗೆ, ಕಲ್ಲು ದಾನಿಯ ಕಡೆಯಿಂದ ಬಂದ ಸಾಮಾನಲ್ಲ. ಕಸಿಯಾದ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹರಿವು ಕುಂದಿ, ಅಲ್ಲಿಯೇ ಹುಟ್ಟಿದ್ದು. ಅಂಗ ಕೊಡುವವರ ಯಕೃತ್ತನ್ನೂ ನಾಳಗಳನ್ನೂ ಮೊದಲೇ ಚಿತ್ರ ತೆಗೆದು ಪರೀಕ್ಷಿಸಿರುತ್ತಾರೆ.

ಈಗ ಅಣ್ಣನ ಪ್ರಶ್ನೆ: ನೋವಿಲ್ಲವಲ್ಲ, ಕಾದರೆ ತಪ್ಪೇನು? ಈ ಲೇಖನದ ಮುಖ್ಯ ವಿಷಯ ಇಲ್ಲಿದೆ.

ಸಾಮಾನ್ಯ ಮನುಷ್ಯನ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಬಲಪಕ್ಕೆಯ ಕೆಳಗೆ ಎಂಥ ನೋವು ಬರುತ್ತದೆಂದರೆ, ಅವನು ಹಾಸಿಗೆಯಲ್ಲಿ ಮಲಗಲಾರ, ಕುಳಿತಿರಲೂ ಆರ. ನಡುರಾತ್ರಿಯಾದರೂ ಆಸ್ಪತ್ರೆಗೆ ಓಡುತ್ತಾನೆ. ಆದರೆ ಕಸಿಯಲ್ಲಿ ರಕ್ತನಾಳಗಳನ್ನೂ ಪಿತ್ತನಾಳವನ್ನೂ ಕೂಡಿಸಿದಂತೆ ನರಗಳನ್ನು ಕೂಡಿಸಲಾಗುವುದಿಲ್ಲ. ಸುದ್ದಿ ಮುಟ್ಟಿಸುವ ತಂತಿ ಕತ್ತರಿಸಿಹೋಗಿರುತ್ತದೆ. ಒಳಗೆ ಕಲ್ಲು ಒತ್ತುತ್ತಿದ್ದರೂ ಮೆದುಳಿಗೆ ಸುದ್ದಿ ಸರಿಯಾಗಿ ಹೋಗದು. ಮೇಲಾಗಿ, ಹೊಸ ಅಂಗವನ್ನು ದೇಹ ಪರಕೀಯವೆಂದು ಹೊರದೂಡದಂತೆ ತಡೆಯಲು ಅವರು ದಿನವೂ ಟ್ಯಾಕ್ರೊಲಿಮಸ್ ಮುಂತಾದ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರುತ್ತಾರೆ. ಈ ಮಾತ್ರೆಗಳು ದೇಹದ ಕಾವಲನ್ನು ಸಡಿಲಿಸುವುದರಿಂದ, ಸೋಂಕು ತಗಲಿದರೂ ಜ್ವರ ಎದ್ದುಕಾಣುವಂತೆ ಬರದಿರಬಹುದು. ಎಲ್ಲರಲ್ಲೂ ಹೀಗೆಯೇ ಎಂದಲ್ಲ, ಕೆಲವರಿಗೆ ನೋವೂ ಜ್ವರವೂ ಬಂದೀತು. ಆದರೆ ಕಸಿಯಾದವರ ವಿಷಯದಲ್ಲಿ ‘ನೋವಿಲ್ಲ, ಆದ್ದರಿಂದ ರೋಗವಿಲ್ಲ’ ಎಂಬ ಲೆಕ್ಕ ನಡೆಯುವುದಿಲ್ಲ.

ಮನೆಗೆ ಕಳ್ಳ ನುಗ್ಗಿದಾಗ ನಾಯಿ ಬೊಗಳಲಿಲ್ಲವೆಂದರೆ ಕಳ್ಳ ಬರಲಿಲ್ಲವೆಂದು ಅರ್ಥವೆ? ನಾಯಿ ನಿದ್ದೆಯಲ್ಲಿದ್ದಿರಬಹುದು. ಇಂಥ ಮನೆಯಲ್ಲಿ ಕಾವಲುಗಾರನ ಕೆಲಸ ಮಾಡುವುದು ರಕ್ತಪರೀಕ್ಷೆ. ಪಿತ್ತದ ದಾರಿ ಕಟ್ಟಿದಾಗ ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ಅಂಶವೂ, ಆಲ್ಕಲೈನ್ ಫಾಸ್ಫಟೇಸ್ ಎಂಬ ಇನ್ನೊಂದು ಅಂಶವೂ ಏರುತ್ತವೆ. ಕಣ್ಣು ಹಳದಿಯಾಗುವುದಕ್ಕೆ ಎಷ್ಟೋ ಮೊದಲೇ ಈ ಏರಿಕೆ ಕಾಗದದ ಮೇಲೆ ಕಾಣುತ್ತದೆ. ನಮ್ಮ ನೆರೆಯವರನ್ನು ಕಾಪಾಡಿದ್ದು ಅವರು ತಪ್ಪದೆ ಮಾಡಿಸುತ್ತಿದ್ದ ಆ ಪರೀಕ್ಷೆಯೇ. ಇದರ ಜೊತೆಗೆ ಮನೆಯವರು ಗಮನಿಸಬೇಕಾದ ಗುರುತುಗಳೂ ಉಂಟು: ಮೈ ತುರಿಕೆ, ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಾದ ಮೂತ್ರ, ಬಿಳಿಚಿದ ಮಲ, ಚಳಿ ನಡುಕ, ಊಟ ಸೇರದಿರುವುದು.

ದಾರಿ ಕಟ್ಟಿದ್ದನ್ನು ಹಾಗೆಯೇ ಬಿಟ್ಟರೆ ನಿಂತ ಪಿತ್ತದಲ್ಲಿ ಸೋಂಕು ಬೆಳೆದು ರಕ್ತಕ್ಕೆ ಇಳಿಯಬಹುದು. ಇದು ಪ್ರಾಣಕ್ಕೆ ಬರುವ ಮಾತು. ಬಹುಕಾಲ ಬಿಟ್ಟರೆ, ಅಷ್ಟು ಕಷ್ಟದಿಂದ ದೊರೆತ ಯಕೃತ್ತೇ ಕೆಡಬಹುದು. ಆದ್ದರಿಂದ ಹಬ್ಬ ಕಳೆಯಲೆಂದು ಕಾಯುವ ಕೆಲಸ ಇದಲ್ಲ.

ರಕ್ತದಲ್ಲಿ ಈ ಅಂಶಗಳು ಏರಿದವೆಂದ ಮಾತ್ರಕ್ಕೆ ಕಲ್ಲೇ ಎಂದು ಹೇಳುವಂತಿಲ್ಲ. ದೇಹವು ಹೊಸ ಅಂಗದ ಮೇಲೆ ತಿರುಗಿಬಿದ್ದಿದ್ದರೂ ಹೀಗಾಗಬಹುದು. ಅದರ ಚಿಕಿತ್ಸೆಯೇ ಬೇರೆ. ಆದ್ದರಿಂದ ವೈದ್ಯರು ಮೊದಲು ಅಲ್ಟ್ರಾಸೌಂಡಿನಿಂದ ನಾಳಗಳ ಅಗಲವನ್ನೂ ಧಮನಿಯಲ್ಲಿ ರಕ್ತದ ಓಟವನ್ನೂ ನೋಡುತ್ತಾರೆ. ಆಮೇಲೆ ಎಂ.ಆರ್.ಸಿ.ಪಿ. ಎಂಬ ಚಿತ್ರ ತೆಗೆಯುತ್ತಾರೆ. ಇದು ಅಯಸ್ಕಾಂತದ ಬಲದಿಂದ ತೆಗೆಯುವ ಚಿತ್ರ. ಮರದ ಕೊಂಬೆಗಳಂತೆ ಹರಡಿದ ಪಿತ್ತನಾಳಗಳೆಲ್ಲ ಅದರಲ್ಲಿ ಬೆಳ್ಳಗೆ ಕಾಣುತ್ತವೆ. ಕಲ್ಲಿದ್ದ ಕಡೆ ಕಪ್ಪು ಚುಕ್ಕೆ, ಕಿರಿದಾದ ಕಡೆ ದಾರದಂಥ ಎಳೆ. ನನ್ನ ಶಿಷ್ಯ ಇಂಥ ಚಿತ್ರವೊಂದನ್ನು ಬೆಳಕಿಗೆ ಹಿಡಿದು ತೋರಿಸಿದಾಗ, ಆ ಗಂಟು ಇದೇ ಎಂದು ನನ್ನಂಥವನಿಗೂ ಗೊತ್ತಾಯಿತು.

ಇನ್ನು ಉಳಿದದ್ದು ಆ ತಾಯಿಯ ಪ್ರಶ್ನೆ: ಮತ್ತೆ ಹೊಟ್ಟೆ ಕೊಯ್ಯಬೇಕೆ?

ನಮ್ಮ ಬಡಾವಣೆಗಳಲ್ಲಿ ನೆಲದಡಿಯ ಕೊಳವೆ ಕಟ್ಟಿಕೊಂಡರೆ ಬೀದಿಯನ್ನು ಅಗೆಯುವುದು ಒಂದು ದಾರಿ. ಕಲ್ಲು ಮಣ್ಣಿನ ರಾಶಿಯನ್ನು ತಿಂಗಳುಗಟ್ಟಲೆ ದಾಟಿ ಓಡಾಡಿದ ನಮಗೆ ಅದರ ಸುಖ ತಿಳಿದೇ ಇದೆ. ಇನ್ನೊಂದು ದಾರಿ, ಕೊಳವೆಗೆ ಈಗಾಗಲೇ ಇರುವ ಬಾಯಿಯಿಂದಲೇ ಸಲಕರಣೆ ಇಳಿಸಿ, ಅಡ್ಡ ಸಿಕ್ಕಿದ್ದನ್ನು ಎಳೆದು ತೆಗೆಯುವುದು. ಒಮ್ಮೆ ಕೊಯ್ದು ಹೊಲಿದ ಹೊಟ್ಟೆಯ ಒಳಗೆ ಕರುಳು, ಯಕೃತ್ತು ಎಲ್ಲ ಅಂಟಿಕೊಂಡಿರುತ್ತವೆ. ಎರಡನೆಯ ಸಲ ಕೊಯ್ಯುವುದು ಮೊದಲಿಗಿಂತ ಕಷ್ಟ. ಆದ್ದರಿಂದ ಈಗ ವೈದ್ಯರು ಹೆಚ್ಚಾಗಿ ಹಿಡಿಯುವುದು ಎರಡನೆಯ ದಾರಿಯನ್ನೇ.

ಇದಕ್ಕೆ ಇ.ಆರ್.ಸಿ.ಪಿ. ಎಂದು ಹೆಸರು. ಇದರ ಹಿಂದೆ ಸ್ವಾರಸ್ಯವಾದ ಇತಿಹಾಸವಿದೆ. ಬೆಳಕು ನೇರವಾಗಿಯೇ ಹೋಗುತ್ತದೆಂದು ನಾವು ಶಾಲೆಯಲ್ಲಿ ಕಲಿತೆವು. ಕೂದಲಿನಂಥ ಗಾಜಿನ ಎಳೆಗಳ ಕಟ್ಟಿನಲ್ಲಿ ಬೆಳಕನ್ನೂ ಚಿತ್ರವನ್ನೂ ಬಾಗಿಸಿ ಒಯ್ಯಬಹುದೆಂದು 1954ರಲ್ಲಿ ಇಂಗ್ಲೆಂಡಿನಲ್ಲಿ ಬರೆದು ತೋರಿಸಿದವರು ಹೆರಾಲ್ಡ್ ಹಾಪ್ಕಿನ್ಸ್ ಮತ್ತು ನರಿಂದರ್ ಸಿಂಗ್ ಕಪಾನಿ. ಕಪಾನಿಯವರು ನಮ್ಮ ಪಂಜಾಬಿನ ಮೋಗಾದಲ್ಲಿ ಹುಟ್ಟಿದವರು. 1957ರಲ್ಲಿ ಬೇಸಿಲ್ ಹರ್ಷೋವಿಟ್ಜ಼್ ಎಂಬ ವೈದ್ಯರು ಇಂಥ ಎಳೆಗಳಿಂದಲೇ ಜಠರದೊಳಗೆ ಇಳಿಸಿ ನೋಡುವ ಬಾಗುವ ನಳಿಕೆಯನ್ನು ತೋರಿಸಿದರು. 1968ರಲ್ಲಿ ಅಮೆರಿಕದ ವಿಲಿಯಂ ಮೆಕ್ಯೂನ್ ಮತ್ತು ಅವರ ಜೊತೆಯವರು ನಳಿಕೆಯ ಮೂಲಕವೇ ಪಿತ್ತನಾಳದ ಬಾಯನ್ನು ಮುಟ್ಟಿ ಅದರೊಳಗೆ ಬಣ್ಣದ ಔಷಧಿ ಬಿಟ್ಟರು. 1974ರಲ್ಲಿ ಜರ್ಮನಿಯ ಕ್ಲಾಸೆನ್ ಮತ್ತು ಡೆಮ್ಲಿಂಗ್, ಜಪಾನಿನ ಕವಾಯ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆಯೇ, ಆ ಬಾಯನ್ನು ಸ್ವಲ್ಪ ಕತ್ತರಿಸಿ ಅಗಲ ಮಾಡಿದರು. ಅಂದಿನಿಂದ ಕಲ್ಲಿಗೆ ಹೊರದಾರಿ ದೊರೆಯಿತು.

ಈಗ ನಡೆಯುವ ಕ್ರಮ ಹೀಗೆ. ರೋಗಿ ಸುಮಾರು ಆರು ಗಂಟೆ ಏನನ್ನೂ ತಿನ್ನದೆ ಬರಬೇಕು. ರಕ್ತವನ್ನು ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಸೋಂಕು ತಗಲದಂತೆ ಔಷಧಿ ಕೊಟ್ಟು, ನಿದ್ದೆಯ ಮಂಪರು ಬರಿಸಿ, ಕಿರುಬೆರಳಿನಷ್ಟು ದಪ್ಪದ ನಳಿಕೆಯನ್ನು ಬಾಯಿಯಿಂದ ಜಠರಕ್ಕೂ ಅಲ್ಲಿಂದ ಸಣ್ಣ ಕರುಳಿಗೂ ಇಳಿಸುತ್ತಾರೆ. ಈ ನಳಿಕೆಯ ಕಣ್ಣು ತುದಿಯಲ್ಲಿಲ್ಲ, ಪಕ್ಕದಲ್ಲಿದೆ. ಪಿತ್ತನಾಳದ ಬಾಯಿ ಕರುಳಿನ ಗೋಡೆಯಲ್ಲಿ ಇರುವುದರಿಂದ ಹೀಗೆ. ಬಾಯೊಳಗೆ ತೆಳುವಾದ ತಂತಿಯನ್ನು ಸೇರಿಸಿ, ಔಷಧಿ ಬಿಟ್ಟು, ಕ್ಷ-ಕಿರಣದಲ್ಲಿ ನೋಡಿದರೆ ನಾಳದ ಆಕಾರವೆಲ್ಲ ಪರದೆಯ ಮೇಲೆ ಮೂಡುತ್ತದೆ.

ಆಮೇಲೆ ಬಾಯಿಯ ಬಿಗಿಯನ್ನು ಸ್ವಲ್ಪ ಕತ್ತರಿಸುತ್ತಾರೆ. ಗಂಟಿನಲ್ಲಿ ನಾಳ ಕಿರಿದಾಗಿದ್ದರೆ ಪುಟ್ಟ ಬಲೂನನ್ನು ಅಲ್ಲಿ ಉಬ್ಬಿಸಿ ಅಗಲ ಮಾಡುತ್ತಾರೆ. ಕಲ್ಲಿನ ಆಚೆಗೆ ಇನ್ನೊಂದು ಬಲೂನನ್ನು ಉಬ್ಬಿಸಿ ಕೆಳಕ್ಕೆ ಎಳೆದರೆ ಕಲ್ಲು ಕರುಳಿಗೆ ಬೀಳುತ್ತದೆ; ಮಲದೊಡನೆ ಹೊರಟುಹೋಗುತ್ತದೆ. ತಂತಿಯಿಂದ ಹೆಣೆದ ಸಣ್ಣ ಬುಟ್ಟಿಯಲ್ಲಿ ಹಿಡಿದೂ ತೆಗೆಯಬಹುದು. ಕಲ್ಲು ದೊಡ್ಡದಾಗಿ ಹೊರಬರದಿದ್ದರೆ, ದೊಡ್ಡ ನಳಿಕೆಯ ಒಳಗಿನಿಂದ ಸಣ್ಣ ನಳಿಕೆಯೊಂದನ್ನು ಪಿತ್ತನಾಳದೊಳಕ್ಕೇ ಕಳಿಸಿ, ಕಲ್ಲನ್ನು ಕಣ್ಣಾರೆ ನೋಡುತ್ತ, ಲೇಸರ್ ಬೆಳಕಿನಿಂದಲೋ ವಿದ್ಯುತ್ತಿನ ಕಿಡಿಯಿಂದಲೋ ಪುಡಿಮಾಡುತ್ತಾರೆ. ಕೊನೆಯಲ್ಲಿ, ನಾಳ ಮತ್ತೆ ಕಿರಿದಾಗದಂತೆ ಸ್ಟೆಂಟ್ ಎಂಬ ಸಣ್ಣ ಕೊಳವೆಯನ್ನು ಒಳಗೆ ಇಟ್ಟು ಬರುವುದುಂಟು.

ನಾಳವನ್ನು ಕರುಳಿನ ಸುತ್ತಿಗೇ ಹೊಲಿದಿರುವವರಲ್ಲಿ ಈ ದಾರಿ ಸುಲಭವಲ್ಲ. ಬಾಯಿಂದ ಆ ಜಾಗ ಬಹು ದೂರ. ಕರುಳನ್ನು ಬಲೂನುಗಳಿಂದ ಹಿಡಿದು ಮಡಿಸುತ್ತ ಮುಂದೆ ಸಾಗುವ ಉದ್ದ ನಳಿಕೆಯನ್ನು ಜಪಾನಿನ ಯಮಮೊಟೊ ಎಂಬ ವೈದ್ಯರು 2001ರ ಸುಮಾರಿಗೆ ಬಳಕೆಗೆ ತಂದರು. ಅದರಿಂದ ಕೆಲವರಲ್ಲಿ ಮುಟ್ಟಬಹುದು. ಇಲ್ಲವಾದರೆ ಹೊರಗಿನಿಂದ, ಪಕ್ಕೆಲುಬುಗಳ ನಡುವೆ ಚರ್ಮದ ಮೂಲಕ ಸೂಜಿಯನ್ನು ಯಕೃತ್ತಿನೊಳಗಿನ ನಾಳಕ್ಕೆ ಇಳಿಸಿ, ಆ ದಾರಿಯನ್ನು ಸ್ವಲ್ಪ ಸ್ವಲ್ಪವಾಗಿ ಅಗಲ ಮಾಡಿ, ಕಲ್ಲನ್ನು ಒಡೆಯುತ್ತಾರೆ ಅಥವಾ ಕರುಳಿನ ಕಡೆಗೆ ನೂಕುತ್ತಾರೆ. ಕೆಲವು ದಿನ ಸಣ್ಣ ಕೊಳವೆಯೊಂದು ಪಕ್ಕೆಯಿಂದ ಹೊರಗೆ ಇಳಿದಿರುತ್ತದೆ. ನೋಡುವುದಕ್ಕೆ ಕಷ್ಟವೆನಿಸಿದರೂ ಹೊಟ್ಟೆ ಕೊಯ್ಯುವುದಕ್ಕಿಂತ ಇದು ಹಗುರ. ಈ ದಾರಿಗಳಾವುವೂ ಫಲಿಸದಿದ್ದರೆ ಮಾತ್ರ ಶಸ್ತ್ರವೈದ್ಯರು ಮತ್ತೆ ಕೈಹಾಕಬೇಕಾದೀತು.

ಹೊಟ್ಟೆ ಕೊಯ್ಯುವುದಿಲ್ಲವೆಂದ ಮಾತ್ರಕ್ಕೆ ಅಪಾಯವೇ ಇಲ್ಲವೆಂದು ನಾನು ಹೇಳಿದರೆ ತಪ್ಪಾಗುತ್ತದೆ. ನೂರರಲ್ಲಿ ಕೆಲವರಿಗೆ ಪಕ್ಕದ ಮೇದೋಜೀರಕ ಗ್ರಂಥಿ ಕೆರಳಿ ಹೊಟ್ಟೆನೋವು ಬರುವುದುಂಟು; ಕತ್ತರಿಸಿದ ಜಾಗದಲ್ಲಿ ರಕ್ತ ಒಸರಬಹುದು; ಸೋಂಕು ತಗಲಬಹುದು; ಬಹು ಅಪರೂಪವಾಗಿ ಕರುಳಿಗೆ ತೂತು ಬೀಳಬಹುದು. ಅದಕ್ಕಾಗಿಯೇ ಒಂದೆರಡು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡು ನೋಡುತ್ತಾರೆ. ಇಂಥ ಕೆಲಸವನ್ನು ಕಸಿಯ ತಂಡದವರಿಗೆ ತಿಳಿಸದೆ ಬೇರೆಲ್ಲೋ ಮಾಡಿಸುವುದು ವಿವೇಕವಲ್ಲ. ನಾಳವನ್ನು ಹೇಗೆ ಕೂಡಿಸಿದ್ದಾರೆಂಬುದು ಕಸಿಯ ಕಾಗದಪತ್ರಗಳಲ್ಲಿ ಬರೆದಿರುತ್ತದೆ. ಆ ಕಡತವನ್ನು ಮನೆಯ ಪತ್ರಗಳಷ್ಟೇ ಜೋಪಾನವಾಗಿ ಇಟ್ಟಿರಬೇಕು.

ಮತ್ತೊಂದು ಎಚ್ಚರಿಕೆ ಆ ಸ್ಟೆಂಟಿನ ವಿಷಯ. ಪ್ಲಾಸ್ಟಿಕ್ಕಿನ ಸ್ಟೆಂಟನ್ನು ಸುಮಾರು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಗಂಟು ಪೂರ್ತಿ ಸಡಿಲವಾಗುವವರೆಗೆ, ಕೆಲವರಲ್ಲಿ ಒಂದು ವರ್ಷದವರೆಗೂ, ಹೀಗೆ ಮಾಡಬೇಕಾಗುತ್ತದೆ. ‘ಈಗ ಚೆನ್ನಾಗಿದ್ದೇನಲ್ಲ’ ಎಂದು ಮರೆತರೆ ಆ ಕೊಳವೆಯಲ್ಲೇ ಗಸಿ ಕಟ್ಟಿ, ಕಲ್ಲು ತೆಗೆಯಲು ಇಟ್ಟದ್ದೇ ಕಲ್ಲಿಗೆ ಮನೆಯಾಗುತ್ತದೆ. ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಡುವುದು ಒಳ್ಳೆಯದು.

ಕಡೆಯದಾಗಿ ನಮ್ಮ ಮನೆಮದ್ದಿನ ಮಾತು. ಕಣ್ಣು ಹಳದಿಯಾಯಿತೆಂದರೆ ಸೊಪ್ಪಿನ ರಸ ಕೊಡಿಸಲು ಹೊರಡುವ ಪದ್ಧತಿ ನಮ್ಮಲ್ಲಿ ಇನ್ನೂ ಉಂಟು. ಹಿರಿಯರ ತಿಳಿವಳಿಕೆಯನ್ನು ಹಳಿಯುವವನು ನಾನಲ್ಲ. ಆದರೆ ಕಲ್ಲು ಸಿಕ್ಕಿ ದಾರಿ ಮುಚ್ಚಿದ ಕಾಮಾಲೆಗೆ ಯಾವ ರಸವೂ ಬಾಗಿಲು ತೆರೆಯಲಾರದು. ಅಲ್ಲದೆ ಕಸಿಯಾದವರ ಮಾತ್ರೆಗಳೊಡನೆ ಬೇರು, ಸೊಪ್ಪು, ಚೂರ್ಣಗಳು ಬೆರೆತರೆ ರಕ್ತದಲ್ಲಿ ಮಾತ್ರೆಯ ಪ್ರಮಾಣ ಏರುಪೇರಾಗಬಹುದು. ಹಣ್ಣುಗಳಲ್ಲಿ ಕೂಡ ಗ್ರೇಪ್‌ಫ್ರೂಟ್ ಮತ್ತು ಅದರ ನೆಂಟನಾದ ಚಕ್ಕೋತವನ್ನು ವೈದ್ಯರು ಬೇಡವೆನ್ನುತ್ತಾರೆ. ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಾಗಿರಲಿ, ಈ ಮನೆಯಲ್ಲಿ ಉಳಿದವರು ತಿನ್ನಲಿ.

ನಮ್ಮ ನೆರೆಯವರು ಹಬ್ಬಕ್ಕಾಗಿ ಕಾಯಲಿಲ್ಲ. ಎರಡು ದಿನ ಕಳೆದು ಆಸ್ಪತ್ರೆ ಸೇರಿದರು. ಕೆಲಸ ಮುಗಿಯಲು ಒಂದು ಗಂಟೆಯ ಮೇಲೆ ಹಿಡಿಯಿತು. ಮೂರನೆಯ ದಿನ, ಹೊಟ್ಟೆಯ ಮೇಲೆ ಹೊಸ ಗಾಯವೊಂದೂ ಇಲ್ಲದೆ ಮನೆಗೆ ಬಂದರು. ಸ್ಟೆಂಟಿನ ದಿನಾಂಕವನ್ನು ಅವರ ಮನೆಯಾಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದನ್ನು ನಾನೇ ನೋಡಿದ್ದೇನೆ.

ತಮ್ಮನಿಗೆ ಉತ್ತರ ಹೇಳಬೇಕಾದವನು ನಾನು. ಅವನನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಕಾಗದದ ಮೇಲೆ ಕೊಳವೆಯ ಚಿತ್ರ ಬರೆದು, ಈ ಕಡೆ ನಿನ್ನದು, ಆ ಕಡೆ ಅಣ್ಣನದು, ನಡುವೆ ಈ ಗಂಟು, ಕಲ್ಲು ಹುಟ್ಟಿದ್ದು ಇಲ್ಲಿ ಎಂದು ತೋರಿಸಿದೆ. “ನೀನು ಕೊಟ್ಟದ್ದರಲ್ಲಿ ಯಾವ ದೋಷವೂ ಇರಲಿಲ್ಲಪ್ಪ” ಎಂದೆ. ಅವನು ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ಮಡಿಸಿ ಜೇಬಿನಲ್ಲಿ ಇಟ್ಟುಕೊಂಡ. “ಅಣ್ಣನಿಗೂ ತೋರಿಸುತ್ತೇನೆ ಸಾರ್” ಎಂದ.